ದೊಡ್ಡಪತ್ರೆಯೋ, ಮನಿಪ್ಲಾಂಟೋ? ಕಿಟಕಿಯನ್ನೇ ಕೇಳಿ

ವರ್ಷಕ್ಕೆರಡು ಸಲ, ಗಣರಾಜ್ಯೋತ್ಸವದ ಹೊತ್ತಿಗೊಮ್ಮೆ, ಸ್ವಾತಂತ್ರ್ಯೋತ್ಸವದ ಹೊತ್ತಿಗೊಮ್ಮೆ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದಲ್ಲ, ಅದನ್ನು ನೋಡಿಕೊಂಡು ಮನೆಗೆ ಮರಳುವ ಸಂಸಾರಗಳನ್ನು ಗಮನಿಸಿ. ಕೈಚೀಲದಿಂದ ಒಂದು ಗಿಡವಾದರೂ ತಲೆ ಹೊರಗೆ ಹಾಕಿರುತ್ತದೆ. ಬಸ್ಸಿನ ನೂಕುನುಗ್ಗಲಿನಲ್ಲಿ ಮಗುವನ್ನು ಕಾಪಾಡಿದಂತೆ ಕಾಪಾಡಿ ತಂದ ಆ ಗಿಡ ಕಿಟಕಿಯ ಕಟ್ಟೆ ಏರುತ್ತದೆ. ತಿಂಗಳೊಪ್ಪತ್ತು ನಳನಳಿಸುತ್ತದೆ. ಆಮೇಲೆ ಒಂದೊಂದೇ ಎಲೆ ಹಳದಿಯಾಗಿ ಉದುರಲು ತೊಡಗುತ್ತದೆ. ನೀರು ಹಾಕುವ ಕೆಲಸ ಮಗಳದೋ ಮಗನದೋ ಆಗಿದ್ದರೆ ಮನೆಯ ಹಿರಿಯರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ‘ನಿನ್ನ ಕೈಗುಣವೇ ಸರಿಯಿಲ್ಲ ಬಿಡು.’

ಹತ್ತು ಹನ್ನೆರಡು ವರ್ಷದ ಹುಡುಗಿಗೆ ಈ ಮಾತು ಸುಲಭವಾಗಿ ಮರೆಯುವಂಥದ್ದಲ್ಲ. ತನ್ನ ಕೈಯಲ್ಲೇ ಏನೋ ದೋಷವಿದೆ, ತಾನು ನೆಟ್ಟದ್ದು ಬದುಕುವುದಿಲ್ಲ ಎಂದು ಅವಳು ಗಿಡದ ಸಹವಾಸವನ್ನೇ ಬಿಟ್ಟುಬಿಡಬಹುದು. ನಿಜ ಹೇಳಬೇಕೆಂದರೆ ಮನೆಯೊಳಗೆ ಸಾಯುವ ಗಿಡಗಳ ವಿಚಾರದಲ್ಲಿ ಕೈಗುಣಕ್ಕಿಂತ ಹೆಚ್ಚು ಕೆಲಸ ಮಾಡುವುದು ಕಿಟಕಿಯ ಗುಣ. ಆ ಕಿಟಕಿಗೆ ಒಗ್ಗದ ಗಿಡವನ್ನು ತಂದಿಟ್ಟ ದಿನವೇ ಅದರ ಹಣೆಬರಹ ತೀರ್ಮಾನವಾಗಿರುತ್ತದೆ.

ಪಟ್ಟಣದ ಬಾಡಿಗೆ ಮನೆಗಳಲ್ಲಿ ಹಿತ್ತಿಲಿಲ್ಲ, ಅಂಗಳವಿಲ್ಲ. ಬೆಳಕು ಬರುವ ಕಿಟಕಿ ಇರುವುದೇ ಒಂದೋ ಎರಡೋ. ಅಲ್ಲಿ ಬಟ್ಟೆ ಒಣಗಬೇಕು, ಹಪ್ಪಳ ಒಣಗಬೇಕು, ಮಕ್ಕಳ ಓದುವ ಮೇಜೂ ಅಲ್ಲೇ. ಇವೆಲ್ಲದರ ನಡುವೆ ಒಂದು ಕುಂಡಕ್ಕೆ ಜಾಗ ಸಿಕ್ಕಿತೆನ್ನಿ. ಅಮ್ಮನಿಗೆ ಅಲ್ಲಿ ದೊಡ್ಡಪತ್ರೆ ಬೇಕು. ನೆಗಡಿ ಕೆಮ್ಮಿಗಾಯಿತು, ತಂಬುಳಿಗಾಯಿತು, ಬಜ್ಜಿಗೂ ಆಯಿತು. ಮಗಳಿಗೆ ಗೆಳತಿಯ ಮನೆಯಲ್ಲಿ ಕಂಡಂಥ ಮನಿಪ್ಲಾಂಟ್ ಬೇಕು. ‘ಅಡಿಗೆಮನೆಗೂ ಆಗದ್ದು ಯಾಕೇ?’ ಎಂದು ಅಮ್ಮ. ‘ಎಲ್ಲವೂ ತಿನ್ನುವುದಕ್ಕೇ ಇರಬೇಕಾ ಅಮ್ಮಾ?’ ಎಂದು ಮಗಳು. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಆದರೆ ಈ ವ್ಯಾಜ್ಯದಲ್ಲಿ ಮೂರನೆಯ ಸಾಕ್ಷಿಯೊಂದಿದೆ, ಅದನ್ನು ಯಾರೂ ಕರೆಸುವುದಿಲ್ಲ.

ಗಳಿಕೆ ಮತ್ತು ಖರ್ಚು

ಗಿಡವೂ ಒಂದು ಸಂಸಾರವೇ. ಬೆಳಕು ಬಿದ್ದಾಗ ಎಲೆಯ ಹಸಿರು ಭಾಗ ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ಬೇರಿನಿಂದ ಬಂದ ನೀರನ್ನೂ ಕೂಡಿಸಿ ಸಕ್ಕರೆ ತಯಾರಿಸುತ್ತದೆ. ಇದು ಗಳಿಕೆ. ಹಗಲು ರಾತ್ರಿಯೆನ್ನದೆ ಉಸಿರಾಡುವುದಕ್ಕೆ, ಸವೆದದ್ದನ್ನು ಸರಿಪಡಿಸುವುದಕ್ಕೆ ಅದೇ ಸಕ್ಕರೆ ಸುಡಬೇಕು. ಇದು ಖರ್ಚು. ಬೆಳಕು ಕಡಿಮೆಯಾಗುತ್ತಾ ಹೋದಂತೆ ಗಳಿಕೆ ಇಳಿದು ಒಂದು ಹಂತದಲ್ಲಿ ಖರ್ಚಿಗೆ ಸರಿಸಮವಾಗುತ್ತದೆ. ಆ ಹಂತದಲ್ಲಿ ಗಿಡ ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಸಂಬಳ ಪೂರ್ತಿ ಬಾಡಿಗೆಗೇ ಹೋಗುವ ಗುಮಾಸ್ತನ ಹಾಗೆ ದಿನ ದೂಡುತ್ತದೆ. ಅದಕ್ಕಿಂತ ಕೆಳಗಿಳಿದರೆ ಕೂಡಿಟ್ಟದ್ದನ್ನು ತಿಂದು ಮುಗಿಸಿ ಕಣ್ಣುಮುಚ್ಚುತ್ತದೆ. ಕೂಡಿಟ್ಟದ್ದಿರುತ್ತದಲ್ಲ, ಅದರಿಂದಾಗಿಯೇ ನರ್ಸರಿಯಿಂದ ತಂದ ಗಿಡ ಮೊದಲ ತಿಂಗಳು ಚೆನ್ನಾಗಿಯೇ ಕಂಡು ನಮ್ಮನ್ನು ಮೋಸಗೊಳಿಸುವುದು.

ಈಗ ಎರಡು ಗಿಡಗಳ ಜವಾಬ್ದಾರಿಯನ್ನು ಹೋಲಿಸಿ. ಅಲಂಕಾರದ ಗಿಡದಿಂದ ನಾವು ಬಯಸುವುದು ಇಷ್ಟೇ: ಇರುವ ಎಲೆಯನ್ನು ಉಳಿಸಿಕೊಳ್ಳಲಿ, ತಿಂಗಳಿಗೊಂದು ಹೊಸ ಎಲೆ ಬಿಟ್ಟರೆ ಸಂತೋಷ. ಅಡಿಗೆಯ ಗಿಡದ ಪಾಡು ಹಾಗಲ್ಲ. ನಾವು ಕೀಳುವ ಪ್ರತಿಯೊಂದು ಎಲೆಯೂ ಅದರ ಗಳಿಸುವ ಕೈ. ನಾಲ್ವರಿಗೆ ತಂಬುಳಿ ಮಾಡಲು ಹತ್ತು ಹನ್ನೆರಡು ದೊಡ್ಡಪತ್ರೆ ಎಲೆ ಬೇಕಷ್ಟೆ. ಗಿಡದಲ್ಲಿ ಆರು ಕುಡಿಗಳಿವೆ, ಒಂದೊಂದು ಕುಡಿಯೂ ವಾರಕ್ಕೊಂದು ಜೋಡಿ ಎಲೆ ಬಿಡುತ್ತದೆ ಎಂದು ಲೆಕ್ಕ ಹಿಡಿಯಿರಿ. ವಾರಕ್ಕೊಂದು ತಂಬುಳಿಗೆ ಸರಿಹೋಯಿತು. ಮಂಕು ಬೆಳಕಿನ ಮೂಲೆಯಲ್ಲಿ ಅದೇ ಕುಡಿ ತಿಂಗಳಿಗೊಂದು ಜೋಡಿ ಬಿಟ್ಟರೆ? ಅಮ್ಮ ಎರಡನೆಯ ಸಲ ಎಲೆ ಕಿತ್ತ ದಿನ ಗಿಡ ಬೋಳಾಗಿರುತ್ತದೆ. ಎಲೆಯಿಲ್ಲದ ಮೇಲೆ ಗಳಿಕೆ ಎಲ್ಲಿಂದ?

ಹಾಗಾಗಿ ತಿನ್ನುವ ಗಿಡಕ್ಕೆ ಬೇಕಾದ ಬೆಳಕು ನೋಡುವ ಗಿಡಕ್ಕೆ ಬೇಕಾದ್ದಕ್ಕಿಂತ ಬಹಳ ಹೆಚ್ಚು. ಸೌಂದರ್ಯವೋ ಉಪಯೋಗವೋ ಎಂಬ ಚರ್ಚೆ ಇದರ ನಂತರ ಬರಬೇಕಾದದ್ದು.

ಹತ್ತನೇ ತರಗತಿಯ ಮಕ್ಕಳಿಗೆ ಈ ಮಾತು ಹೊಸದೇನಲ್ಲ. ಎನ್‌ಸಿಇಆರ್‌ಟಿಯ ವಿಜ್ಞಾನ ಪುಸ್ತಕದಲ್ಲಿ ಬಣ್ಣದ ಪಟ್ಟೆಯುಳ್ಳ ಎಲೆಗೆ ಅಯೋಡಿನ್ ಹಾಕಿ ಪಿಷ್ಟ ಪರೀಕ್ಷಿಸುವ ಚಟುವಟಿಕೆ ಇದೆಯಲ್ಲ, ಅದಕ್ಕೆ ಪುಸ್ತಕ ಸೂಚಿಸುವ ಗಿಡಗಳು ಮನಿಪ್ಲಾಂಟ್ ಮತ್ತು ಕ್ರೋಟನ್. ಎಲೆಯ ಹಸಿರು ಭಾಗ ಮಾತ್ರ ಕಪ್ಪು ನೀಲಿಗೆ ತಿರುಗುತ್ತದೆ, ಬಿಳಿಯ ಭಾಗ ತಿರುಗುವುದಿಲ್ಲ. ಬಿಳಿ ಹಳದಿ ಪಟ್ಟೆ ನೋಡಲು ಚಂದ, ಗಳಿಕೆಯಲ್ಲಿ ಸೊನ್ನೆ. ಮೂಲೆಯಲ್ಲಿಟ್ಟ ಮನಿಪ್ಲಾಂಟಿನ ಹೊಸ ಎಲೆಗಳಲ್ಲಿ ಪಟ್ಟೆಗಳು ಮಾಸಿ ಬರೀ ಹಸಿರೇ ಆಗುವುದನ್ನು ನೀವು ಕಂಡಿರಬಹುದು. ಪಟ್ಟೆ ಮಾಸಿತೆಂದರೆ ಗಿಡಕ್ಕೆ ಬೆಳಕು ಸಾಲುತ್ತಿಲ್ಲವೆಂದೇ ತಿಳಿಯಬೇಕು.

ನಮ್ಮ ಕಣ್ಣು ಹೇಳುವ ಸುಳ್ಳು

‘ನಮ್ಮ ಮನೆಯಲ್ಲಿ ಬೇಕಾದಷ್ಟು ಬೆಳಕಿದೆ’ ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರ ತಪ್ಪಲ್ಲ, ಕಣ್ಣೇ ಹಾಗೆ. ಕತ್ತಲಾದರೆ ಪಾಪೆ ಹಿಗ್ಗುತ್ತದೆ, ಬೆಳಕಾದರೆ ಕುಗ್ಗುತ್ತದೆ. ಹೀಗಾಗಿ ಹತ್ತು ಪಟ್ಟು ವ್ಯತ್ಯಾಸವೂ ನಮಗೆ ಸ್ವಲ್ಪವೆಂದೇ ಕಾಣುತ್ತದೆ. ಮೋಡವಿಲ್ಲದ ಮಧ್ಯಾಹ್ನ ಬಯಲಿನಲ್ಲಿ ಬೀಳುವ ಬೆಳಕು ಸುಮಾರು 1 ಲಕ್ಷ ಲಕ್ಸ್. ಬಿಸಿಲು ನೇರ ಬೀಳದ ಕಿಟಕಿಯ ಕಟ್ಟೆಯ ಮೇಲೆ ಒಂದೆರಡು ಸಾವಿರ ಸಿಕ್ಕರೆ ಹೆಚ್ಚು. ಕೋಣೆಯ ನಡುವೆ, ನಾವು ಆರಾಮವಾಗಿ ಪತ್ರಿಕೆ ಓದುವ ಕಡೆ, ಕೆಲವು ನೂರು ಮಾತ್ರ. ಎದುರು ಮನೆಯ ಗೋಡೆ, ಕಿಟಕಿಯ ಮೇಲಿನ ಸಜ್ಜಾ, ಧೂಳು ಹಿಡಿದ ಗಾಜು, ಸೊಳ್ಳೆ ಬಾರದಿರಲೆಂದು ಹೊಡೆಸಿದ ಜಾಲರಿ, ಇವೆಲ್ಲ ತಮ್ಮ ತಮ್ಮ ಪಾಲು ಕಿತ್ತುಕೊಂಡೇ ಬಿಡುತ್ತವೆ.

ಅಳೆಯುವುದು ಹೇಗೆ? ಮೊಬೈಲಿನಲ್ಲಿ ಲಕ್ಸ್ ತೋರಿಸುವ ಆ್ಯಪ್‌ಗಳು ಬಂದಿವೆ, ಅಂದಾಜಿಗೆ ಸಾಕು. ಅದೂ ಬೇಡವೆಂದರೆ ಒಂದು ಬಿಳಿ ಹಾಳೆ ಸಾಕು. ಕುಂಡ ಇಡಬೇಕೆಂದಿರುವ ಜಾಗದಲ್ಲಿ ಹಾಳೆ ಹಾಸಿ, ಒಂದು ಗೇಣು ಮೇಲೆ ಅಂಗೈ ಹಿಡಿಯಿರಿ. ಬೆರಳುಗಳೆಲ್ಲ ಎಣಿಸುವಂತೆ ಗೆರೆ ಕೊರೆದ ನೆರಳು ಬಿದ್ದರೆ ಅದು ಬಿಸಿಲಿನ ಜಾಗ. ಅಂಚು ಕಲಸಿದ ನೆರಳಾದರೆ ಮಧ್ಯಮ. ಅಂಗೈ ಎಲ್ಲಿದೆಯೆಂದೇ ತಿಳಿಯದಷ್ಟು ಮಸುಕಾದರೆ ಅಲ್ಲಿ ಅಡಿಗೆಗೆ ಬೇಕಾದ ಯಾವ ಗಿಡವನ್ನೂ ಬೆಳೆಸುವ ಆಸೆ ಇಟ್ಟುಕೊಳ್ಳಬೇಡಿ. ಒಂದೇ ಸಲ ನೋಡಿ ಮುಗಿಸುವಂತಿಲ್ಲ. ಭಾನುವಾರ ಬೆಳಗ್ಗೆ ಏಳರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ನೋಡಿ ಬರೆದಿಡಬೇಕು. ಮಕ್ಕಳಿಗೆ ಒಪ್ಪಿಸಿದರೆ ನಮಗಿಂತ ಚೆನ್ನಾಗಿ ಮಾಡುತ್ತಾರೆ. ಗೆರೆ ಕೊರೆದ ನೆರಳು ನಾಲ್ಕು ಗಂಟೆ ಸಿಕ್ಕಿತೆಂದರೆ ಅಮ್ಮನ ಕಡೆಗೆ ತೀರ್ಪು ಕೊಡಬಹುದು.

ದಿಕ್ಕಿನ ಬಗ್ಗೆ ಒಂದು ಮಾತು. ತೋಟಗಾರಿಕೆಯ ಇಂಗ್ಲಿಷ್ ಪುಸ್ತಕಗಳು ‘ದಕ್ಷಿಣದ ಕಿಟಕಿಯೇ ಶ್ರೇಷ್ಠ’ ಎಂದು ಒಂದೇ ಸಮನೆ ಹೇಳುತ್ತವೆ. ಲಂಡನ್ನಿನಲ್ಲಿ ಅದು ಸರಿ. ಅಲ್ಲಿ ವರ್ಷವಿಡೀ ನಡುಹಗಲ ಸೂರ್ಯ ದಕ್ಷಿಣದಲ್ಲೇ ಇರುತ್ತಾನೆ. ಬೆಂಗಳೂರು ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಕೇವಲ 13 ಡಿಗ್ರಿಯಲ್ಲಿ. ಏಪ್ರಿಲ್ ಕೊನೆಯ ವಾರದಲ್ಲೊಂದು ದಿನ, ಆಗಸ್ಟ್ ನಡುವೆ ಮತ್ತೊಂದು ದಿನ ಇಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದು ಕಂಬದ ನೆರಳೇ ಮಾಯವಾಗುತ್ತದೆ. ಶೂನ್ಯ ನೆರಳಿನ ದಿನವೆಂದು ಶಾಲೆಗಳಲ್ಲಿ ಕೋಲು ನೆಟ್ಟು ನೋಡುತ್ತಾರೆ. ಈ ಎರಡು ದಿನಗಳ ನಡುವೆ ನಮ್ಮ ನಡುಹಗಲ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಹಾಗಾಗಿ ಡಿಸೆಂಬರಿನಲ್ಲಿ ಸಜ್ಜಾದ ಕೆಳಗೆ ನುಸುಳಿ ದಕ್ಷಿಣದ ಕಿಟಕಿಯೊಳಗೆ ಬರುವ ಬಿಸಿಲು ಮೇ ತಿಂಗಳಲ್ಲಿ ಕಟ್ಟೆಯನ್ನೂ ಮುಟ್ಟುವುದಿಲ್ಲ. ಉತ್ತರದ ಕಿಟಕಿಗೆ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಬೆಳಗ್ಗೆ ಸಂಜೆ ಓರೆ ಬಿಸಿಲಾದರೂ ಸಿಗುತ್ತದೆ, ಉಳಿದ ಆರು ತಿಂಗಳು ಅದೂ ಇಲ್ಲ. ವರ್ಷವಿಡೀ ನಂಬಬಹುದಾದದ್ದು ಪೂರ್ವದ ಕಿಟಕಿ. ಬೆಳಗಿನ ಬಿಸಿಲು ಎಲೆ ಸುಡುವುದೂ ಇಲ್ಲ. ಪಶ್ಚಿಮದ ಕಿಟಕಿ ಎರಡನೆಯದು. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ ಅಲ್ಲಿಗೊಂದು ತೆಳುಪಂಚೆ ಅಡ್ಡ ಕಟ್ಟಬೇಕಾದೀತು.

ದೊಡ್ಡಪತ್ರೆಯ ಸ್ವಭಾವ

ಮಲೆನಾಡು ಕರಾವಳಿಗಳಲ್ಲಿ ಸಾಂಬಾರಬಳ್ಳಿಯೆಂದೂ ಕರೆಯುವ ಈ ಗಿಡ ತುಳಸಿ, ಪುದೀನಗಳ ಬಳಗಕ್ಕೆ ಸೇರಿದ್ದು. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ, ಎಳೆಯ ಭಾಗ ಚೌಕವಾಗಿರುತ್ತದೆ, ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ. ಕೋಲಿಯಸ್ ಅಂಬೊಯ್ನಿಕಸ್ ಎಂಬ ಶಾಸ್ತ್ರೀಯ ಹೆಸರು ಇಂಡೋನೇಷ್ಯದ ಅಂಬೋನ್ ದ್ವೀಪದಿಂದ ಬಂದದ್ದಾದರೂ ಅದರ ತವರು ಆ ದ್ವೀಪವಲ್ಲ, ಆಫ್ರಿಕಾ, ಅರೇಬಿಯಾಗಳ ಕಲ್ಲುನೆಲ ಎನ್ನುತ್ತಾರೆ. ನಮ್ಮ ದೇಶವನ್ನೂ ತವರಿನ ಪಟ್ಟಿಗೆ ಸೇರಿಸುವವರಿದ್ದಾರೆ. ಎಲೆ ಉಜ್ಜಿದರೆ ಓಮದ ಕಾಳಿನ ವಾಸನೆ ಬರುವುದು ಕಾರ್ವಕ್ರಾಲ್, ಥೈಮಾಲ್ ಎಂಬ ಎಣ್ಣೆಯಂಶಗಳಿಂದ. ಕೆಲವರು ಇದನ್ನೇ ಓಮದ ಗಿಡವೆಂದು ತಿಳಿದಿದ್ದಾರೆ. ಓಮದ ಕಾಳು ಬಿಡುವುದು ಕೊತ್ತಂಬರಿ, ಜೀರಿಗೆಯ ಬಳಗದ ಬೇರೆಯೇ ಗಿಡ.

ಕಲ್ಲುನೆಲದ ಗಿಡವೆಂಬುದನ್ನು ನೆನಪಿಟ್ಟುಕೊಂಡರೆ ಇದರ ಆರೈಕೆಯ ಮುಕ್ಕಾಲು ಪಾಠ ಮುಗಿದಂತೆ. ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಂಡಿರುವುದರಿಂದ ಇದಕ್ಕೆ ನೀರು ಕಡಿಮೆಯಾದರೆ ಬೇಸರವಿಲ್ಲ, ಹೆಚ್ಚಾದರೆ ಬೇರು ಕೊಳೆಯುತ್ತದೆ. ಮಣ್ಣಿನೊಳಗೆ ಒಂದು ಗೆಣ್ಣುದ್ದ ಬೆರಳಿಟ್ಟು, ಒಣಗಿದೆ ಎನಿಸಿದ ಮೇಲೆಯೇ ನೀರು. ಕೆಂಪುಮಣ್ಣಿಗೆ ಮೂರರಲ್ಲೊಂದು ಪಾಲು ಮರಳು ಬೆರೆಸಿ, ಕುಂಡದ ತಳದಲ್ಲಿ ತೂತಿರಲಿ. ಕರಾವಳಿಯ ಮಳೆಗಾಲದಲ್ಲಿ ಸೂರಿನ ಕೆಳಗೆ ಎಳೆದಿಡದಿದ್ದರೆ ಕಾಂಡ ಕರಗಿಹೋಗುತ್ತದೆ. ಇನ್ನು ರಜೆಗೆ ಹತ್ತು ದಿನ ಊರಿಗೆ ಹೋಗುವ ಸಂಸಾರಕ್ಕೆ ಇದಕ್ಕಿಂತ ಸಹನೆಯ ಅಡಿಗೆ ಗಿಡ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಪುದೀನ ಅಷ್ಟು ದಿನ ನೀರಿಲ್ಲದೆ ಬದುಕಿರುವುದಿಲ್ಲ. ಕೊತ್ತಂಬರಿ ಬಿತ್ತಿದರೆ ತಿಂಗಳು ಒಂದೂವರೆ ತಿಂಗಳಲ್ಲಿ ಒಮ್ಮೆ ಕಿತ್ತರೆ ಮುಗಿಯಿತು, ಮತ್ತೆ ಬಿತ್ತಬೇಕು. ಬಿಸಿ ಏರಿದರೆ ಸೊಪ್ಪಾಗುವ ಮೊದಲೇ ಹೂವಿಗೆ ಹೊರಡುತ್ತದೆ. ಕರಿಬೇವು ಮರವಾಗುವ ಜಾತಿ, ಕಿಟಕಿಯ ಕಟ್ಟೆ ಅದಕ್ಕೆ ತಕ್ಕ ಜಾಗವಲ್ಲ.

ಎಲೆ ಕೀಳುವುದರಲ್ಲೂ ಕ್ರಮವಿದೆ. ಬುಡದ ದೊಡ್ಡ ಎಲೆಗಳನ್ನಷ್ಟೇ ಕಿತ್ತರೆ ಗಿಡ ಉದ್ದ ಕೋಲಾಗಿ ಬಾಗುತ್ತದೆ. ಕುಡಿಯನ್ನೇ ಎರಡು ಜೋಡಿ ಎಲೆಯ ಸಮೇತ ಚಿವುಟಿದರೆ ಕೆಳಗಿನ ಗೆಣ್ಣಿನಿಂದ ಎರಡು ಕವಲು ಹೊರಡುತ್ತವೆ. ಒಮ್ಮೆಗೆ ಗಿಡದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ಹೀಗೆ ಚಿವುಟಿಸಿಕೊಂಡ ದೊಡ್ಡಪತ್ರೆ ಮೂರು ತಿಂಗಳಲ್ಲಿ ಕುಂಡ ತುಂಬಿ, ಮಖಮಲ್ಲಿನಂಥ ಎಲೆಗಳ ಗುಡ್ಡೆಯಾಗಿ ನಿಲ್ಲುತ್ತದೆ. ಅದು ಅಲಂಕಾರವಲ್ಲವೆಂದು ಯಾರು ಹೇಳಿದವರು? ಹೊಸ ವರ್ಗೀಕರಣದ ಪ್ರಕಾರವಂತೂ, ಕಡುಗೆಂಪು ಹಳದಿ ಎಲೆಗಳಿಗಾಗಿ ತೋಟಗಳಲ್ಲಿ ಬೆಳೆಸುವ ಬಣ್ಣದ ಕೋಲಿಯಸ್ ಇದರ ಸ್ವಂತ ದಾಯಾದಿ. ನಡುವೆ ಕೆಲಕಾಲ ಇವೆರಡನ್ನೂ ಬೇರೆ ಕುಲಗಳಿಗೆ ಸೇರಿಸಿದ್ದವರು 2019ರಲ್ಲಿ ಮತ್ತೆ ಒಂದೇ ಕುಲದೊಳಗೆ ತಂದರು. ಹಾಗೆಂದು ದಾಯಾದಿಯ ಎಲೆಯನ್ನು ಬಜ್ಜಿ ಮಾಡಬೇಡಿ, ಅದು ನೋಡುವುದಕ್ಕೆ ಮಾತ್ರ.

ಔಷಧದ ಮಾತು ಬಂದಾಗ ತಂದೆತಾಯಿಗಳಿಗೆ ಒಂದು ಎಚ್ಚರಿಕೆ. ಎಲೆ ಬಾಡಿಸಿ ರಸ ಹಿಂಡಿ ಜೇನುತುಪ್ಪದೊಂದಿಗೆ ಕೊಡುವುದು ನಮ್ಮ ಮನೆಗಳ ರೂಢಿ. ವರ್ಷ ತುಂಬದ ಕೂಸಿಗೆ ಜೇನುತುಪ್ಪವನ್ನು ಯಾವ ರೂಪದಲ್ಲೂ ಕೊಡಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣು ಎಳೆಗರುಳಿನಲ್ಲಿ ಮೊಳೆತು ನಂಜಾಗುವ ಅಪಾಯವಿದೆ. ದೊಡ್ಡ ಮಕ್ಕಳಿಗೂ ಇದು ಗಂಟಲಿಗೆ ಹಿತವೆನ್ನಿಸುವ ಮನೆಮದ್ದಷ್ಟೇ. ಮಗು ಏದುಸಿರು ಬಿಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆಲುಬು ಒಳಗೆ ಹೋಗುತ್ತಿದ್ದರೆ ಕುಂಡದ ಕಡೆ ನೋಡುತ್ತಾ ಕೂರದೆ ವೈದ್ಯರ ಬಳಿಗೆ ಓಡಬೇಕು.

ಹಾರ್ಲಿಕ್ಸ್ ಬಾಟಲಿಯ ಬಳ್ಳಿ

ಇನ್ನು ಮಗಳ ಪಕ್ಷ. ಮನಿಪ್ಲಾಂಟನ್ನು ಹಾರ್ಲಿಕ್ಸ್ ಬಾಟಲಿಯ ನೀರಿನಲ್ಲಿ ಬಿಟ್ಟು ಟೀವಿಯ ಪಕ್ಕ ಇಡುವ ಪದ್ಧತಿ ನಮ್ಮಲ್ಲಿ ಯಾವಾಗ ಶುರುವಾಯಿತೋ ತಿಳಿಯದು. ಕೊಂಡು ತಂದರೆ ಫಲವಿಲ್ಲ, ನೆರೆಮನೆಯಿಂದ ಕದ್ದು ತಂದರೆ ಮಾತ್ರ ದುಡ್ಡು ಎಂಬ ನಂಬಿಕೆ ಬೇರೆ. (ಹಾಗೆ ಕಳಕೊಂಡವರ ದುಡ್ಡಿನ ಗತಿ ಏನು ಎಂದು ಯಾರೂ ಕೇಳಿದ್ದಿಲ್ಲ.) ಶಾಂತಸಾಗರದ ನಡುವಿನ ಮೊರೇಆ ದ್ವೀಪದಿಂದ ಜಗತ್ತೆಲ್ಲ ಹರಡಿದ ಬಳ್ಳಿ ಇದು. ಕಾಡಿನ ನೆಲದ ಮಬ್ಬಿನಲ್ಲಿ ಹುಟ್ಟಿ, ಮರ ಹಿಡಿದು ಬೆಳಕಿನತ್ತ ಹತ್ತುವುದು ಇದರ ರೀತಿ. ಮಬ್ಬಿನಲ್ಲಿ ಕಾಯುವುದನ್ನು ಹುಟ್ಟಿನಿಂದಲೇ ಕಲಿತಿದೆಯಾದ್ದರಿಂದ ದೊಡ್ಡಪತ್ರೆ ಸೋಲುವ ಮೂಲೆಯಲ್ಲಿ ಇದು ನಿಲ್ಲುತ್ತದೆ. ದೊಡ್ಡ ಮರಕ್ಕೆ ಹಬ್ಬಿದ ಮನಿಪ್ಲಾಂಟನ್ನು ನೋಡಿದವರು ಇದು ಬೇರೆಯೇ ಗಿಡವೆಂದುಕೊಳ್ಳುತ್ತಾರೆ. ಎಲೆ ಒಂದು ಮೊಳವನ್ನೂ ಮೀರಿ, ಅಂಚು ಸೀಳಿ ತೂಗಾಡುತ್ತಿರುತ್ತದೆ. ನಮ್ಮ ಬಾಟಲಿಯಲ್ಲಿರುವುದು ದೊಡ್ಡದಾಗಲು ಬಿಡದ ಅದರ ಬಾಲ್ಯ. ಹೂ ಬಿಡುವುದನ್ನಂತೂ ಇದು ಮರೆತೇಬಿಟ್ಟಿದೆ. ಹೂವಿಗೆ ಬೇಕಾದ ಜಿಬ್ಬರೆಲಿನ್ ಎಂಬ ಚೋದಕವನ್ನು ತಯಾರಿಸುವ ದಾರಿಯಲ್ಲೇ ದೋಷವಿದೆಯೆಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆದ್ದರಿಂದ ಊರೂರಲ್ಲಿ ನೀವು ನೋಡುವ ಮನಿಪ್ಲಾಂಟ್ ಬಳ್ಳಿಗಳೆಲ್ಲ ಬೀಜದಿಂದ ಹುಟ್ಟಿದವಲ್ಲ, ಒಂದರಿಂದ ಒಂದು ಮುರಿದು ನೆಟ್ಟ ತುಂಡುಗಳು.

ಇದರ ಪರವಾಗಿ ಈಚೆಗೆ ದೊಡ್ಡದಾಗಿ ಕೇಳಿಬರುವ ವಾದವೆಂದರೆ ಗಾಳಿ ಶುದ್ಧಿ. ಅಮೆರಿಕದ ನಾಸಾ ಸಂಸ್ಥೆ 1989ರಲ್ಲಿ ಪ್ರಕಟಿಸಿದ ವರದಿಯೇ ಅದರ ಮೂಲ. ಅಲ್ಲಿ ಗಿಡಗಳನ್ನಿಟ್ಟದ್ದು ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ. ನಮ್ಮ ಮನೆಯ ಬಾಗಿಲು ಕಿಟಕಿಗಳ ಮೂಲಕ ಗಾಳಿ ಒಂದೇ ಸಮನೆ ಬದಲಾಗುತ್ತಿರುತ್ತದೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಇಂಥ ಹಲವು ಪ್ರಯೋಗಗಳ ಅಂಕಿಗಳನ್ನು ಜೋಡಿಸಿ 2019ರಲ್ಲಿ ಲೆಕ್ಕ ಹಾಕಿದರು. ಸಾಮಾನ್ಯ ಕಟ್ಟಡದಲ್ಲಿ ಆಡುವ ಗಾಳಿ ಮಾಡುವಷ್ಟು ಶುದ್ಧಿಯನ್ನು ಗಿಡಗಳಿಂದಲೇ ಮಾಡಿಸಬೇಕಾದರೆ ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡ ಬೇಕಂತೆ. ಹತ್ತಡಿ ಹತ್ತಡಿಯ ಕೋಣೆಗೆ ಕಡಿಮೆಯೆಂದರೂ 90 ಕುಂಡ! ಮಕ್ಕಳು ಮಲಗುವುದೆಲ್ಲಿ? ಕಿಟಕಿ ತೆರೆಯುವುದು ಸುಲಭ. ಮನಿಪ್ಲಾಂಟನ್ನು ಚಂದಕ್ಕೆಂದು ಇಡಿ. ಚಂದ ಸಾಲದೆಂದು ಅದಕ್ಕೊಂದು ಉಪಯೋಗ ಹೊಂದಿಸುವ ಅಗತ್ಯವಿಲ್ಲ.

ಆದರೆ ಎರಡು ಅಪಾಯಗಳನ್ನು ಹೇಳದೆ ಬಿಡುವಂತಿಲ್ಲ. ಕೆಸುವಿನ ಎಲೆಯನ್ನೋ ಸುವರ್ಣಗೆಡ್ಡೆಯನ್ನೋ ಸರಿಯಾಗಿ ಬೇಯಿಸದೆ ತಿಂದು ನಾಲಿಗೆ ಗಂಟಲು ತುರಿಸಿಕೊಂಡ ಅನುಭವ ನಮ್ಮಲ್ಲಿ ಬಹುಜನಕ್ಕಿದೆ. ಪತ್ರೊಡೆಗೆ ಹುಣಿಸೆಹುಳಿ ಧಾರಾಳವಾಗಿ ಬೀಳುವುದು ಸುಮ್ಮನಲ್ಲ. ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಬಾಯಿಯ ಒಳಪದರಕ್ಕೆ ಚುಚ್ಚಿಕೊಳ್ಳುವುದರಿಂದ ಆ ತುರಿಕೆ. ಮನಿಪ್ಲಾಂಟ್ ಕೆಸುವಿನ ಬಳಗದ್ದೇ, ಅದರಲ್ಲೂ ಅದೇ ಸೂಜಿಗಳಿವೆ. ಚುಕ್ಕೆ ಎಲೆಯ ಡೈಫನ್‌ಬೇಕಿಯಾ ಇನ್ನೂ ಕಟು, ನಾಲಿಗೆ ಊದಿ ಮಾತು ನಿಲ್ಲಿಸಬಲ್ಲದು. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಬಳ್ಳಿ ನೆಲದವರೆಗೆ ಇಳಿಬೀಳಬಾರದು. ಮಗು ಎಲೆ ಅಗಿದರೆ ಬಾಯಿ ಒರೆಸಿ ತಣ್ಣೀರು ಕುಡಿಸಿ. ಊತ ಬಂದರೆ, ನುಂಗಲು ಉಸಿರಾಡಲು ತೊಂದರೆ ಕಂಡರೆ ಆಸ್ಪತ್ರೆ. ಬೆಕ್ಕು ನಾಯಿ ಸಾಕಿದವರು ದೊಡ್ಡಪತ್ರೆಯನ್ನೂ ಅವುಗಳಿಂದ ದೂರವೇ ಇಡಬೇಕು, ಅವಕ್ಕೆ ಎರಡೂ ಒಗ್ಗುವುದಿಲ್ಲ.

ಎರಡನೆಯದು ಬಾಟಲಿಯ ನೀರು. ಡೆಂಗೆ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಕಿಲ್ಲ, ಮನೆಯೊಳಗಿನ ತಿಳಿನೀರೇ ಇಷ್ಟ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಬೇಕಾಯಿತು ಎಂಬುದನ್ನು ನೆನೆದರೆ ಟೀವಿ ಪಕ್ಕದ ಬಾಟಲಿಯನ್ನು ಬೇರೆ ಕಣ್ಣಿನಿಂದ ನೋಡುತ್ತೇವೆ. ವಾರಕ್ಕೊಮ್ಮೆ ನೀರು ಚೆಲ್ಲಿದರಷ್ಟೇ ಸಾಲದು, ಮೊಟ್ಟೆಗಳು ಬಾಟಲಿಯ ಗೋಡೆಗೆ ಅಂಟಿರುತ್ತವೆ, ಒಳಗೆ ಬ್ರಷ್ ಹಾಕಿ ಉಜ್ಜಬೇಕು. ಇಷ್ಟು ಶ್ರಮ ಪಡುವ ಬದಲು ಬಳ್ಳಿಯನ್ನು ಮಣ್ಣಿಗೆ ನೆಡುವುದೇ ಜಾಣತನ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರಿಗೂ ಇದೇ ಮಾತು.

ತೀರ್ಪು

ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ, ನಾಲ್ಕು ಗಂಟೆ ಬಿಸಿಲು ಬೀಳುವ ಕಿಟಕಿ ನಿಮ್ಮದಾದರೆ ನಾನು ಎರಡನೆಯ ಮಾತಿಲ್ಲದೆ ದೊಡ್ಡಪತ್ರೆಯ ಕಡೆ. ಅಂಥ ಬಿಸಿಲನ್ನು ಮನಿಪ್ಲಾಂಟಿಗೆ ಕೊಟ್ಟರೆ ಎಲೆ ಸುಟ್ಟುಕೊಳ್ಳುತ್ತದೆ, ಬಿಸಿಲೂ ವ್ಯರ್ಥ. ಬಿಸಿಲು ಬಾರದ ಕಿಟಕಿಯಾದರೆ ಅಮ್ಮ ಹಟ ಬಿಡಬೇಕು. ಆ ಕಿಟಕಿಯಲ್ಲಿ ದೊಡ್ಡಪತ್ರೆ ಗೆಣ್ಣುಗಳ ನಡುವೆ ಉದ್ದುದ್ದ ಬೆಳೆದು, ಬಿಳಿಚಿಕೊಂಡು, ಬೆಳಕಿನತ್ತ ಕತ್ತು ಚಾಚಿ, ಘಮವನ್ನೂ ಕಳೆದುಕೊಂಡು ನಿಧಾನವಾಗಿ ಸಾಯುತ್ತದೆ. ಅಪವಾದ ಮಾತ್ರ ನೀರು ಹಾಕಿದ ಹುಡುಗಿಗೆ. ಅದಕ್ಕಿಂತ ಮನಿಪ್ಲಾಂಟ್ ಇಟ್ಟು, ತಂಬುಳಿಗೆ ಎಲೆಯನ್ನು ತರಕಾರಿ ಅಂಗಡಿಯಲ್ಲೋ ಊರಿನಿಂದ ಬರುವವರಲ್ಲೋ ಕೇಳುವುದು ಮೇಲು.

ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳ ಲೆಕ್ಕ ಬೇರೆ. ಒಲೆಯೇ ಇಲ್ಲದವರಿಗೆ ಅಡಿಗೆ ಗಿಡ ಏಕೆ? ಊಟ ಮೆಸ್ಸಿನಲ್ಲಿ, ತಿಂಗಳಿಗೊಮ್ಮೆ ಊರು, ಪರೀಕ್ಷೆ ಬಂದರೆ ನೀರು ಹಾಕುವ ನೆನಪೂ ಇಲ್ಲ. ಮನಿಪ್ಲಾಂಟ್ ಅಥವಾ ಖಡ್ಗದಂಥ ಎಲೆಯ ಸ್ನೇಕ್ ಪ್ಲಾಂಟ್ ಅವರಿಗೆ ತಕ್ಕ ಜೊತೆ. ಪರೀಕ್ಷೆ ಮುಗಿಸಿ ತಿರುಗಿ ನೋಡಿದಾಗಲೂ ಇದ್ದಲ್ಲೇ ಇರುತ್ತದೆ.

ಇವೆರಡರ ನಡುವಿನ ಜಾಗಕ್ಕೆ, ಅಂದರೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಬಚ್ಚಲ ಹಿಂದಿನ ತಂಪು ಅರೆನೆರಳಿಗೆ, ಮೂರನೆಯವಳೊಬ್ಬಳಿದ್ದಾಳೆ: ಒಂದೆಲಗ. ದೊಡ್ಡಪತ್ರೆಗೆ ಬೇಡವಾದ ತೇವ ಇದಕ್ಕೆ ಬೇಕು, ಅರ್ಧ ದಿನದ ನೆರಳೂ ಆಗುತ್ತದೆ. ಅಗಲವಾದ, ಆಳವಿಲ್ಲದ ಕುಂಡದಲ್ಲಿ ನೆಲಕ್ಕೆ ಹರಿದು ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ಗದ್ದೆಬದುವಿನ, ಚರಂಡಿಯ ಬದಿಯ ಸೊಪ್ಪನ್ನು ಹಸಿಯಾಗಿ ಅರೆದು ತಂಬುಳಿ ಮಾಡುವುದಕ್ಕಿಂತ ಮನೆಯ ಕುಂಡದ್ದು ನಿಶ್ಚಿಂತೆ. ಪರೀಕ್ಷೆಯ ಕಾಲಕ್ಕೆ ಮಕ್ಕಳಿಗೆ ಇದನ್ನು ಕೊಡುವ ತಾಯಂದಿರು ಒಂದು ವಿಷಯ ತಿಳಿದಿರಲಿ: ಒಂದೆಲಗ ನೆನಪಿನ ಶಕ್ತಿ ಹೆಚ್ಚಿಸುತ್ತದೆಯೇ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ, 2017ರಲ್ಲಿ ಪ್ರಕಟವಾದ ಪರಿಶೀಲನೆಯೊಂದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಬ್ರಾಹ್ಮಿ ಎಂಬ ಹೆಸರನ್ನು ಇದಕ್ಕೂ ನೀರುಬ್ರಾಹ್ಮಿ ಎಂಬ ಬೇರೊಂದು ಗಿಡಕ್ಕೂ ಬಳಸುವುದರಿಂದ ಗೊಂದಲ ಇನ್ನೂ ಹೆಚ್ಚು. ತಂಬುಳಿ ರುಚಿಯಾಗಿದೆ ಎಂದು ಬಡಿಸಿ, ಅಂಕಗಳ ಭಾರವನ್ನು ಆ ಪುಟ್ಟ ಎಲೆಯ ಮೇಲೆ ಹೊರಿಸಬೇಡಿ.

ಯಾವುದನ್ನು ಆರಿಸಿದರೂ ದುಡ್ಡು ಕೊಟ್ಟು ಕೊಳ್ಳುವ ಅಗತ್ಯವಿಲ್ಲ. ತಿನ್ನುವ ಗಿಡವನ್ನು ಅಲಂಕಾರದ ನರ್ಸರಿಯಿಂದ ತಾರದಿರುವುದೇ ಒಳ್ಳೆಯದು, ಅಲ್ಲಿ ಯಾವ ಕೀಟನಾಶಕ ಹೊಡೆದಿದ್ದಾರೋ ಬಲ್ಲವರಾರು. ಪಕ್ಕದ ಮನೆಯ ಅಜ್ಜಿಯನ್ನೋ ಆಂಟಿಯನ್ನೋ ಒಂದು ತುಂಡು ಕೇಳಿ. ದೊಡ್ಡಪತ್ರೆಯಾದರೆ ಒಂದು ಗೇಣಿನ ಕುಡಿ, ಕೆಳಗಿನ ಎರಡು ಜೋಡಿ ಎಲೆ ತೆಗೆದು, ತುದಿ ಒಣಗಲೆಂದು ಒಂದು ದಿನ ನೆರಳಿನಲ್ಲಿಟ್ಟು, ಮರಳು ಬೆರೆತ ಮಣ್ಣಿಗೆ ಊರಬೇಕು. ಮನಿಪ್ಲಾಂಟಾದರೆ ಎಲೆಯೊಂದನ್ನೇ ತಂದು ಪ್ರಯೋಜನವಿಲ್ಲ; ಬೇರಿನ ಕಂದು ಮೊಳಕೆ ಕಾಣುವ ಒಂದು ಗೆಣ್ಣಾದರೂ ತುಂಡಿನಲ್ಲಿರಬೇಕು, ಆ ಗೆಣ್ಣು ಮಣ್ಣಿನೊಳಗೆ ಹೋಗಬೇಕು. ಮೊದಲ ಎರಡು ವಾರ ಎರಡೂ ಏನೂ ಮಾಡದೆ ಸುಮ್ಮನೆ ನಿಂತಂತೆ ಕಾಣುತ್ತವೆ. ಮೂರನೆಯ ವಾರ ತುಂಡನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಮೇಲೆಳೆದು ನೋಡಿ. ಅದು ತಿರುಗಿ ಎಳೆದಂತೆ ಕೈಗೆ ತಿಳಿದರೆ, ಕೆಳಗೆ ಬೇರು ಹಿಡಿದಿದೆ.